ಕೇಳಿದರೆ ಇಲ್ಲವೆನ್ನದ ಮನೆ

ನನ್ನ ತಮ್ಮ ಆಂತೆರೆಯಾ ಇಗರ್ಜಿಯಲ್ಲಿ ಶುಭಸಂದೇಶ ವಿವರಿಸಲು ನಿಂತನೆಂದರೆ ಅಳುವ ಕೂಸುಗಳೂ ಸುಮ್ಮನಾಗುತ್ತಿದ್ದವು. ಅಕ್ಕನೆಂದು ಹೊಗಳುತ್ತಿಲ್ಲ, ಊರೇ ಹೇಳುತ್ತಿದ್ದ ಮಾತು ಇದು. ನಮ್ಮ ದ್ವೀಪಕ್ಕೆ ಪಾದ್ರಿಗಳು ಬರುವುದು ರಾಜಧಾನಿ ತರಾವಾದಿಂದ ಹಡಗು ಬಂದಾಗ, ಹಡಗು ಬರುವುದು ಅದಕ್ಕೆ ಮನಸ್ಸು ಬಂದಾಗ. ಉಳಿದ ಭಾನುವಾರಗಳಿಗೆಲ್ಲ ಉಪದೇಶಿ ಆಂತೆರೆಯಾನೇ ಗತಿ. ಖಾಲಿ ಗ್ಯಾಸ್ ಸಿಲಿಂಡರಿಗೆ ಕಬ್ಬಿಣದ ಸರಳಿನಿಂದ ಬಡಿದು ಗಂಟೆ ಹೊಡೆಯುವವನೂ ಅವನೇ, ವಾಚನ ಓದುವವನೂ ಅವನೇ. ಓದಿ ಮುಗಿಸಿ, ಪುಸ್ತಕ ಮುಚ್ಚಿ, "ಇದು ನಮ್ಮ ಮನೆಯೊಳಗೆ ಏನು ಹೇಳ್ತದೆ ನೋಡೋಣ" ಎಂದು ಶುರು ಮಾಡುತ್ತಿದ್ದ. ಯಾವ ಭಾನುವಾರವೂ ಆ ಮಾತು ತಪ್ಪುತ್ತಿರಲಿಲ್ಲ.

ಅವನ ಮೊಮ್ಮಗಳು ಬಿಬಿಯಾನಾ ಆ ಮಾತನ್ನು ಕದ್ದಿದ್ದಳು. ಇನ್ನೂ ಹಾಲುಹಲ್ಲು ಬಿದ್ದಿರದ ಪೋರಿ. ಸೋಮವಾರ ಬೆಳಿಗ್ಗೆ ಹಂದಿಗೂಡಿನ ಮುಂದೆ ತೆಂಗಿನ ಕೊರಡಿನ ಮೇಲೆ ನಿಂತು, ಅಜ್ಜನ ಹಾಗೆಯೇ ಕೈ ಹಿಂದೆ ಕಟ್ಟಿಕೊಂಡು, "ಇದು ನಮ್ಮ ಮನೆಯೊಳಗೆ ಏನು ಹೇಳ್ತದೆ ನೋಡೋಣ" ಎಂದು ಹಂದಿಗಳಿಗೆ ಉಪದೇಶ ಕೊಡುತ್ತಿದ್ದಳು. ನಾವು ನಕ್ಕು ನಕ್ಕು ಸಾಯುತ್ತಿದ್ದೆವು. ಅವಳ ತಾಯಿ ರೂತಾ ಕೂಡ ನಗುತ್ತಿದ್ದಳು. ರೂತಾ ನಗುವುದೇ ಅಪರೂಪ. ಮೀನಿಗೆಂದು ಹೊರಗಡಲಿಗೆ ಹೋದ ಗಂಡ ವಾಪಸು ಬರಲಿಲ್ಲ, ಬರಿ ದೋಣಿ ಬಂತು. ಅಂದಿನಿಂದ ಅವಳು ಮಗುವನ್ನು ಎತ್ತಿಕೊಂಡು ಅಪ್ಪನ ಮನೆ ಸೇರಿದ್ದಳು. ಆಂತೆರೆಯಾ, ಅವನ ಹೆಂಡತಿ ತೆರೆಸಿಯಾ, ಮಗಳು ರೂತಾ, ಮೊಮ್ಮಗಳು, ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಉಳಿದ ನಾನು. ಇಷ್ಟೇ ನಮ್ಮ ಮನೆ.

ಆ ಭಾನುವಾರದ ವಾಚನ ಕೇಳುವುದರ ಬಗ್ಗೆ ಇತ್ತು. ಕೇಳಿದರೆ ಸಿಗುತ್ತದೆ, ತಟ್ಟಿದರೆ ಬಾಗಿಲು ತೆರೆಯುತ್ತದೆ, ಮಗ ಮೀನು ಕೇಳಿದರೆ ಯಾವ ತಂದೆ ಹಾವು ಕೊಟ್ಟಾನು ಎಂದು ಸ್ವಾಮಿ ಹೇಳಿದ ಮಾತು. ನಮ್ಮ ದ್ವೀಪದಲ್ಲಿ ಹಾವಿಲ್ಲ. ಆಂತೆರೆಯಾ ಅದಕ್ಕೂ ದಾರಿ ಮಾಡಿಕೊಂಡಿದ್ದ.

"ಬಂಡೆ ಸಂದೀಲಿ ಕೂತ್ಕೊಂಡು ಬೆರಳು ಕಚ್ತದಲ್ಲ, ಆ ಹಾವುಮೀನು ಅಂತ ಇಟ್ಕೊಳ್ಳಿ," ಅಂದ. "ಒಂದು ಹಾರುಮೀನು ಕೊಡಪ್ಪಾ ಅಂತ ನಿಮ್ಮ ಮಗು ಕೈ ಚಾಚಿದ್ರೆ, ಅದನ್ನ ತಂದು ಕೈಗೆ ಇಡ್ತೀರೇನ್ರಯ್ಯಾ?"

ಚಾಪೆಗಳ ಮೇಲೆ ಕೂತಿದ್ದ ಜನ ನಕ್ಕರು.

"ನಮ್ಮ ಹಿರಿಯರು ಈ ಪುಸ್ತಕ ಬರೋಕ್ಕೆ ಮುಂಚೇನೇ ಇದನ್ನ ತಿಳ್ಕೊಂಡಿದ್ರು. ನಮ್ಮಲ್ಲಿ ಬುಬುಸಿ ಅಂತ ಯಾಕಿದೆ? ನೆಂಟ ಮನೆಗೆ ಬಂದು, ಎದುರಿಗೆ ಕೂತು ಕೇಳಿದ ಅಂದ್ರೆ ಇಲ್ಲ ಅನ್ನೋ ಹಾಗಿಲ್ಲ. ಈಗಿನವರು ಏನ್ಮಾಡ್ತಾರೆ? ನೆಂಟರ ತಲೆ ಕಂಡ ಕೂಡ್ಲೇ ಸಾಮಾನು ಚಾಪೆ ಕೆಳಗೆ ತಳ್ತಾರೆ. ನನ್ನ ಮನೆಗೆ ಬಂದು ನೋಡಿ. ಕೇಳಿದ್ರೆ ಕೊಡಲ್ಲ ಅನ್ನೋ ಅಂಥದ್ದು ನನ್ನ ಹತ್ರ ಒಂದೂ ಇಲ್ಲ."

ತೆರೆಸಿಯಾ ನನ್ನನ್ನು ಮೊಣಕೈಯಿಂದ ತಿವಿದಳು. "ನೋಡಿ ಅತ್ತಿಗೆ, ನನ್ನ ಹೊಲಿಗೆ ಮಿಷನ್ ಹೋಗಿದ್ದನ್ನ ಊರಿಗೆಲ್ಲ ಸಾರ್ತಾ ಇದ್ದಾರೆ."

ಹೊಲಿಗೆ ಮಿಷನ್ ಸೋದರಮಾವನ ಸೊಸೆ ಕೇಳಿದಳೆಂದು ಹೋಗಿತ್ತು. ಅದಕ್ಕೆ ಮುಂಚೆ ಸೈಕಲ್ಲು, ಅದಕ್ಕೂ ಮುಂಚೆ ರೇಡಿಯೊ. ನನ್ನ ಒಳ್ಳೆಯ ಹೂವಿನ ಲಂಗವೂ ಹೋಗಿದೆ, ಈಗ ಅದನ್ನು ತೊಟ್ಟವಳು ನನ್ನೆದುರೇ ಸೊಂಟ ಕುಣಿಸಿಕೊಂಡು ಓಡಾಡುತ್ತಾಳೆ. ಹೋಗಲಿ ಬಿಡಿ. ನಮಗೂ ಹೀಗೆಯೇ ಹಂದಿಮರಿ ಬಂದಿದೆ, ಮಳೆನೀರಿನ ತೊಟ್ಟಿ ಬಂದಿದೆ. ಒಳಗೊಳಗೆ ಬಯ್ದುಕೊಂಡು ಕೊಡುವುದು, ಹಲ್ಲು ಕಿರಿದು ಕೇಳುವುದು, ಹೀಗೇ ಬದುಕುತ್ತ ಬಂದಿದ್ದೇವೆ.

ನಮ್ಮ ಹಿಂದೆ ಬೌರೊ ಮತ್ತು ಅವನ ಹೆಂಡತಿ ಕತರೀನಾ ಕೂತಿದ್ದರು. ಬೌರೊ ನಮ್ಮ ಚಿಕ್ಕಪ್ಪನ ಮಗ. ತರಾವಾದ ಬಂದರಿನಲ್ಲಿ ಕೆಲಸ. ತಾಯಿಯ ಗೋರಿಗೆ ಸಿಮೆಂಟು ಮಾಡಿಸಲು ಬಂದವರು ನಮ್ಮ ಮನೆಯಲ್ಲೇ ಇಳಿದಿದ್ದರು. ಒಳ್ಳೆಯ ಜನ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆಯಾಗಿ ತಲೆ ನರೆಯುತ್ತ ಬಂದರೂ ಮಕ್ಕಳಿರಲಿಲ್ಲ. ಕತರೀನಾ ನಮ್ಮ ಬಿಬಿಗೆ ಹಳದಿ ಫ್ರಾಕು ತಂದಿದ್ದಳು. ಬಂದ ದಿನದಿಂದ ಮಗು ಅವಳ ಮಡಿಲು ಬಿಟ್ಟು ಇಳಿದಿರಲಿಲ್ಲ. ಆಂತೆರೆಯಾ ಆ ಮಾತು ಹೇಳುವಾಗ ನಾನು ಹಿಂದೆ ತಿರುಗಿ ನೋಡಿದೆ. ಕತರೀನಾ ಗಂಡನ ಮುಖ ನೋಡುತ್ತಿದ್ದಳು.

ಸಂಜೆ ರೂತಾ ಮಗುವನ್ನು ಕರೆದುಕೊಂಡು ಒಳಗಡಲಿನ ಮರಳಿಗೆ ಕಪ್ಪೆಚಿಪ್ಪು ಆರಿಸಲು ಹೋಗಿದ್ದಳು. ಬೌರೊ ಬಂದು ಆಂತೆರೆಯಾನ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಕತರೀನಾ ತಲೆ ಬಗ್ಗಿಸಿ ಅವನ ಹಿಂದೆ ಕೂತಳು. ಕೂತ ರೀತಿಯಲ್ಲೇ ತಿಳಿಯಿತು. ಸುಮ್ಮನೆ ಹರಟೆಗೆ ಬಂದವರು ಹಾಗೆ ಕೂರುವುದಿಲ್ಲ.

"ಅಣ್ಣಾ, ನಾವು ಒಂದು ಕೇಳೋಕೆ ಬಂದಿದ್ದೀವಿ," ಅಂದ ಬೌರೊ.

ನಾನು ಒಲೆಯ ಹತ್ತಿರದಿಂದಲೇ ಬಾಯಿ ಹಾಕಿದೆ. "ಬಿಬಿ ವಿಷಯ ಆದ್ರೆ ತಡವಾಯ್ತು ಕಣಪ್ಪಾ. ಅವಳನ್ನ ನಾನು ಕೇಳಿ ಆಗಿದೆ. ನನಗೂ ಮಕ್ಕಳಿಲ್ಲ, ಮೊಮ್ಮಗಳು ಅಂತ ಕೇಳ್ಕೊಂಡಿದ್ದೀನಿ. ತಮ್ಮನೂ ಹ್ಞೂಂ ಅಂದಿದ್ದಾನೆ."

ನಮ್ಮಲ್ಲಿ ಕೇಳಿದ್ದನ್ನು ಕೊಡದಿರಲು ಇರುವ ದಾರಿ ಇದೊಂದೇ, ಬೇರೆಯವರು ಮೊದಲೇ ಕೇಳಿದ್ದಾರೆ ಎನ್ನುವುದು. ಸುಳ್ಳೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಯಾರೂ ಕೆದಕುವುದಿಲ್ಲ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ, ಮಾತು ಮೀನಿನ ಕಡೆಗೋ ಗಾಳಿಯ ಕಡೆಗೋ ತಿರುಗುತ್ತದೆ.

ಬೌರೊ ಸಂಭಾವಿತ. "ಹೌದಾ ಅಕ್ಕಾ? ಹಾಗಿದ್ರೆ ಸರಿ. ನಮಗೆ ಗೊತ್ತಿರ್ಲಿಲ್ಲ," ಅಂದ. ಕತರೀನಾ ಲಂಗ ಸರಿಮಾಡಿಕೊಂಡು ಏಳಲು ಹೊರಟಳು. ಅಲ್ಲಿಗೆ ಮುಗಿದಿತ್ತು. ದೇವರಾಣೆ, ಅಲ್ಲಿಗೆ ಮುಗಿದಿತ್ತು.

"ಅಕ್ಕಾ, ನೀನು ಯಾವಾಗ ಕೇಳ್ದೆ?" ಅಂದ ಆಂತೆರೆಯಾ.

ನಾನು ಕಣ್ಣು ಬಿಟ್ಟೆ, ಹುಬ್ಬು ಹಾರಿಸಿದೆ. ಗಂಡಸಿಗೆ ಅರ್ಥವಾದರೆ ತಾನೇ! "ಅವತ್ತೇ ಕೇಳ್ಲಿಲ್ವಾ... ಕ್ರಿಸ್ಮಸ್ ಹೊತ್ಗೆ."

"ಕ್ರಿಸ್ಮಸ್ನಲ್ಲಿ ನೀನು ಕೇಳಿದ್ದು ಸೊಳ್ಳೆಪರದೆ."

"ಅದನ್ನೂ ಕೇಳ್ದೆ, ಇದನ್ನೂ ಕೇಳ್ದೆ!"

"ಅಕ್ಕಾ, ಬೇಡ. ಬೆಳಿಗ್ಗೆ ತಾನೇ ಅಷ್ಟು ಜನರ ಮುಂದೆ ಮಾತಾಡಿದ್ದೀನಿ. ಸಂಜೇಗೇ ನನ್ನ ಮನೇಲಿ ಸುಳ್ಳು ಬೇಡ," ಅಂದವನೇ ಬೌರೊನ ಕಡೆ ತಿರುಗಿದ. "ಕೇಳಪ್ಪಾ. ನಾಚ್ಕೋಬೇಡ."

ಆ ಹೊತ್ತಿಗೆ ಅವನ ಮುಖದ ಮೇಲೆ ಒಂದು ಕಳೆ ಇತ್ತು. ಬೆಳಿಗ್ಗೆ ಜನ ತಲೆದೂಗಿದಾಗ ಇರುತ್ತದಲ್ಲ, ಅದೇ ಕಳೆ. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬೌರೊ ಕೇಳಿದ. ಆಂತೆರೆಯಾ ಕೊಟ್ಟ. ಕತರೀನಾ ಅವನ ಪಾದ ಹಿಡಿದುಕೊಂಡು ಅತ್ತಳು. ತೆರೆಸಿಯಾ ಬಾಯಿಗೆ ಅಂಗೈ ಅಡ್ಡ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ರೂತಾ ಬುಟ್ಟಿ ತುಂಬ ಚಿಪ್ಪು ಹೊತ್ತು ಬಂದಳು. ಬಿಬಿ ಒದ್ದೆ ಕಾಲಲ್ಲೇ ಓಡಿ ಹೋಗಿ ಕತರೀನಾಳ ಮಡಿಲಲ್ಲಿ ಕೂತಿತು.

"ಏನಾಯ್ತು? ಯಾರು ಸತ್ರು?" ಅಂದಳು ರೂತಾ.

ಬೌರೊ ದಂಪತಿ ಮಗುವನ್ನು ಕರೆದುಕೊಂಡು ಗೋರಿಯ ಕಡೆ ನಡೆದರು. ಆಮೇಲೆ ಅಪ್ಪನೇ ಹೇಳಿದ. ಅವಳು ಬುಟ್ಟಿ ಕೆಳಗಿಡದೆ ನಿಂತೇ ಕೇಳಿದಳು.

"ಅವಳೇನು ನಿನ್ನ ಸೈಕಲ್ಲಾ ಅಪ್ಪಾ?"

"ಹಾಗೆಲ್ಲ ಮಾತಾಡ್ಬೇಡ. ಬೇರೆ ಯಾರಿಗಾದ್ರೂ ಕೊಟ್ನಾ? ನಮ್ಮ ರಕ್ತಾನೇ. ಅಲ್ಲಿ ಶಾಲೆ ಇದೆ, ಆಸ್ಪತ್ರೆ ಇದೆ."

"ಹಾಗಾದ್ರೆ ನಾನೂ ಜೊತೇಲಿ ಹೋಗ್ತೀನಿ."

"ಅವರು ನಿನ್ನನ್ನ ಕೇಳ್ಲಿಲ್ಲ," ಅಂದ ಆಂತೆರೆಯಾ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಪ್ರಾಣಿ ಅವನು. "ತಾಯಿ ಪಕ್ಕದಲ್ಲೇ ಇದ್ರೆ ಮಗು ಅವರಿಗೆ ಹೊಂದ್ಕೊಳ್ಳೋದು ಹೇಗೆ?"

"ನಾನು ಕೊಡಲ್ಲ."

"ಕೊಟ್ಟಾಯ್ತು ಮಗಳೇ. ಈಗ ಇಲ್ಲ ಅಂದ್ರೆ ಊರ ಚಾವಡೀಲಿ ನಾನು ನಮ್ಮ ಮನೆತನದ ಜಾಗದಲ್ಲಿ ಹೇಗೆ ಕೂರ್ಲಿ? ಭಾನುವಾರ ಯಾವ ಮುಖ ಹೊತ್ಕೊಂಡು ನಿಂತ್ಕೊಳ್ಲಿ?"

ರೂತಾ ಬುಟ್ಟಿಯನ್ನು ನೆಲಕ್ಕೆ ಸುರಿದು ಹೊರಟುಹೋದಳು. ಚಿಪ್ಪುಗಳನ್ನು ನಾನೇ ಆರಿಸಿ, ಬೇಯಿಸಿ, ಎಲ್ಲರಿಗೂ ಬಡಿಸಿದೆ. ಏನು ಮಾಡಲಿ, ಮನೆಯಲ್ಲಿ ನೆಂಟರಿದ್ದರು.

ಮುಂದಿನ ವಾರ ಪೂರ್ತಿ ಹಡಗಿಗೆ ಕಾಯುವುದೇ ಆಯಿತು. ರೂತಾ ಕೆಸುವಿನಂಥ ಬಾಬಾಯ್ ಬೆಳೆಯುವ ಗುಂಡಿಗೆ ಇಳಿದು ಗೆಡ್ಡೆಗಳಿಗೆ ಸೊಪ್ಪು ಮಣ್ಣು ತುಂಬುವ ಕೆಲಸ ಹಿಡಿದಳು. ಮೊಣಕಾಲು ಮುಳುಗುವ ಕೆಸರಲ್ಲಿ ಬೆಳಿಗ್ಗೆಯಿಂದ ನಿಂತಿರುತ್ತಿದ್ದಳು. ನಾನು ನೀರಾ ತುಂಬಿದ ತೆಂಗಿನ ಚಿಪ್ಪು ಒಯ್ದು ಕೊಟ್ಟೆ.

"ನನ್ನನ್ನೂ ಹೀಗೇ ಕೊಟ್ಟಿದ್ರು ಕಣೇ," ಅಂದೆ. "ಬಿಬಿಯಷ್ಟೇ ಇದ್ದೆ. ಅಮ್ಮನ ಚಿಕ್ಕಮ್ಮ ಕೇಳಿದ್ರು ಅಂತ ಕೊಟ್ರು. ನಾನೇನು ಸತ್ತು ಹೋದ್ನಾ? ಚೆನ್ನಾಗಿ ನೋಡ್ಕೊಂಡ್ರು. ಆಮೇಲಾಮೇಲೆ ನನಗೆ ನೆನಪೂ ಇರ್ಲಿಲ್ಲ."

"ಅದೇ ಅತ್ತೆ, ನನಗೆ ಹೆದ್ರಿಕೆ," ಅಂದಳು. ಆಮೇಲೆ, "ನಿನ್ನನ್ನ ಕೊಟ್ಟ ಮೇಲೆ ನಿನ್ನಮ್ಮ ಏನ್ಮಾಡಿದ್ಲು?"

"ನನಗೇನು ಗೊತ್ತು? ನಾನು ಇಲ್ಲಿರ್ಲಿಲ್ವಲ್ಲ."

ಅವಳು ನೀರಾ ಕುಡಿಯದೆ ಚಿಪ್ಪು ವಾಪಸು ಕೊಟ್ಟಳು.

ಮರು ಭಾನುವಾರದ ವಾಚನದಲ್ಲಿ ಒಬ್ಬ ಸಾಹುಕಾರ ಹಳೆಯ ಕಣಜ ಕೆಡವಿ ದೊಡ್ಡ ಕಣಜ ಕಟ್ಟಿ ದವಸವೆಲ್ಲ ಕೂಡಿಟ್ಟುಕೊಳ್ಳುತ್ತಾನೆ, ಆ ರಾತ್ರಿಯೇ ಪ್ರಾಣ ಹೋಗುತ್ತದೆ. ಆಂತೆರೆಯಾ ಚೆನ್ನಾಗಿಯೇ ಹೇಳಿದ. ಕೂಡಿಟ್ಟದ್ದು ಕೊಳೆಯುತ್ತದೆ, ಕೊಟ್ಟದ್ದು ದೇವರ ಮನೆ ಸೇರುತ್ತದೆ ಎಂದ. ಜನ ಬೌರೊ, ಕತರೀನಾ, ಅವರ ನಡುವೆ ಹಳದಿ ಫ್ರಾಕಿನಲ್ಲಿ ಕೂತ ಬಿಬಿಯ ಕಡೆ ನೋಡಿ ತಲೆದೂಗಿದರು. ಹೊರಗೆ ಬರುವಾಗ ಮುದುಕರು ಒಬ್ಬೊಬ್ಬರಾಗಿ ಆಂತೆರೆಯಾನ ಭುಜ ತಟ್ಟಿದರು.

ಊಟಕ್ಕೆ ಕೂತಾಗ ರೂತಾ ಬಾಯಿಬಿಟ್ಟಳು. ನೆಂಟರು ಮಗುವಿನೊಂದಿಗೆ ಬೇರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದರು.

"ನನ್ನ ಮಗಳು ಕಣಜದ ಅಕ್ಕಿಯಾ?"

"ನಾನು ನಿನ್ನ ಹೆಸರೆತ್ತಿದ್ನಾ?" ಅಂದ ಆಂತೆರೆಯಾ.

"ಎಲ್ಲರೂ ನನ್ನನ್ನೇ ನೋಡಿದ್ರು."

"ಹೊಟ್ಟೆಗೆ ತಿನ್ನೇ ಮೊದ್ಲು," ಅಂದಳು ತೆರೆಸಿಯಾ. "ಹಠ ಮಾಡ್ಬೇಡ. ನಿನಗಿನ್ನೂ ವಯಸ್ಸಿದೆ, ಇನ್ನೊಂದು ಮದುವೆ ಆದ್ರೆ ಮಕ್ಕಳು ಆಗೇ ಆಗ್ತವೆ."

"ಅಮ್ಮಾ, ನಿನ್ನ ಹೊಲಿಗೆ ಮಿಷನ್ ಹೋದಾಗ ವಾರಗಟ್ಟಲೆ ಮುಖ ಊದಿಸ್ಕೊಂಡಿದ್ದೆ. ಮೊಮ್ಮಗಳು ಹೋದ್ರೆ ಇಷ್ಟೇನಾ?"

ತೆರೆಸಿಯಾ ತಟ್ಟೆ ಸರಿಸಿ ಎದ್ದು ಹೋದಳು. ಆಂತೆರೆಯಾ ಮೀನಿನ ಮುಳ್ಳು ಬಿಡಿಸುತ್ತ ಕೂತ. ನನಗೆ ಮೈ ಉರಿದುಹೋಯಿತು.

"ಅಲ್ಲಯ್ಯಾ, ಒಂದು ಸುಳ್ಳು ನನಗೋಸ್ಕರ ನುಂಗ್ಕೊಂಡಿದ್ರೆ ಸ್ವರ್ಗ ಬಿದ್ದು ಹೋಗ್ತಿತ್ತಾ?" ಅಂದೆ.

"ದೇವರು ನೋಡ್ತಾ ಇರ್ಲಿಲ್ವಾ ಅಕ್ಕಾ?"

"ದೇವರು ನೋಡ್ತಿದ್ದ. ನೀನು ಊರು ನೋಡ್ತಿದ್ದೆ."

ಅವನು ಮತ್ತೆ ತಟ್ಟೆಗೆ ಬಗ್ಗಿದ. ಮೀನನ್ನು ಪೂರ್ತಿ ತಿಂದ.

ಹಡಗು ಬಂದು ಬಂಡೆಸಾಲಿನ ಆಚೆ ನಿಂತಿತು. ಅಲ್ಲಿಗೆ ಸಣ್ಣ ದೋಣಿಯಲ್ಲಿ ಹೋಗಬೇಕು. ರೂತಾ ಮಗುವಿನ ತಲೆಗೆ ಎಣ್ಣೆ ಹಚ್ಚಿ, ಹೂವಿನ ಸುತ್ತು ಕಟ್ಟಿ, ದಂಡೆಗೆ ತಾನೇ ಎತ್ತಿಕೊಂಡು ಬಂದಳು. ಅಳಲಿಲ್ಲ. "ಕತರೀನಾ ಚಿಕ್ಕಜ್ಜಿ ಹೇಳಿದ್ ಹಾಗೆ ಕೇಳು. ನೀರಿನ ಹತ್ರ ಹೋಗ್ಬೇಡ," ಎಂದಷ್ಟೇ ಅಂದಳು. ಬಿಬಿಗೆ ಹಡಗು ಹತ್ತುವ ಸಂಭ್ರಮ. ದೋಣಿ ಹೊರಟ ಮೇಲೆ ತಿರುಗಿ ಕೂಗಿತು.

"ಅಮ್ಮಾ, ನೀನು ಆಮೇಲಿನ ದೋಣೀಲಿ ಬರ್ತೀಯಲ್ಲಾ?"

ರೂತಾ ಬಾಯಿ ತೆರೆಯುವ ಮೊದಲೇ ಆಂತೆರೆಯಾ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. "ಹ್ಞೂಂ ಪುಟ್ಟಾ, ಬರ್ತಾಳೆ!"

ಅಂದು ಒಲೆಯ ಮುಂದೆ ನನ್ನ ಸುಳ್ಳನ್ನು ಒಲ್ಲೆನೆಂದವನು, ಕಡಲ ದಂಡೆಯಲ್ಲಿ ಊರೆಲ್ಲ ಕೇಳುವ ಹಾಗೆ ಮಗುವಿಗೆ ಸುಳ್ಳು ಹೇಳಿದ. ರೂತಾ ಅವನ ಮುಖವನ್ನೇ ನೋಡಿದಳು. ಆ ದಿನದಿಂದ ಮನೆಯಲ್ಲಿ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ತಟ್ಟೆ ಇಡುವಳು, ನೀರು ಇಡುವಳು, ಒಗೆದ ಬಟ್ಟೆ ಮಡಿಸಿಡುವಳು. ಮಾತಿಲ್ಲ.

ಫೋನು ಸಿಗುವುದು ಪಂಚಾಯಿತಿ ಕಚೇರಿಯ ಹತ್ತಿರದ ಗೋಪುರದ ಕೆಳಗೆ ಮಾತ್ರ. ರೂತಾ ಬಿಸಿಲಲ್ಲಿ ಅಷ್ಟು ದೂರ ನಡೆದು ಹೋಗುವಳು, ಜೊತೆಗೆ ನಾನೂ. ಮೊದಲ ಸಲ ಬಿಬಿ ಅತ್ತುಬಿಟ್ಟಿತು. "ಯಾವ ದೋಣೀಲಿ ಬರ್ತೀಯಾ? ಅಮ್ಮಾ, ಯಾವ ದೋಣೀಲಿ?" ಎಂದು ಅದೊಂದೇ ಮಾತು. ಎರಡನೆಯ ಸಲ ಕತರೀನಾ ಮಾತಾಡಿದಳು.

"ತಪ್ಪು ತಿಳ್ಕೋಬೇಡಮ್ಮಾ. ನೀನು ಫೋನ್ ಮಾಡಿದ ದಿನ ಅವಳು ಉಣ್ಣಲ್ಲ, ಮಲಗಲ್ಲ. ಸ್ವಲ್ಪ ದಿನ ಮಾಡ್ಬೇಡ. ಹೊಂದ್ಕೊಳ್ಳಿ."

"ಆಯ್ತು ಚಿಕ್ಕಮ್ಮಾ," ಅಂದಳು ರೂತಾ. ಮನೆ ಹತ್ತಿರ ಬಂದಾಗ, "ನಾನು ಒಳ್ಳೇವಳಾಗಿ ಆಯ್ತು ಅಂದೆ ಅಲ್ವಾ ಅತ್ತೆ? ಎಲ್ಲರೂ ಒಳ್ಳೇವರೇ," ಅಂದಳು.

ಆಮೇಲೆ ಬಂತು ಆ ಭಾನುವಾರ. ಅಂದಿನ ವಾಚನ ನನಗೆ ಬಾಯಿಪಾಠವಾಗಿದೆ. ನಾನು ಸಮಾಧಾನ ತರಲು ಬಂದೆನೆಂದು ತಿಳಿದಿರಾ, ಇಲ್ಲ, ಒಂದೇ ಮನೆಯ ಐವರು ಒಡೆದುಹೋಗುವರು, ತಂದೆ ಮಗನಿಗೆ ವಿರೋಧ, ತಾಯಿ ಮಗಳಿಗೆ ವಿರೋಧ ಎಂದು ಸ್ವಾಮಿ ಹೇಳುತ್ತಾನೆ. ಐವರಿದ್ದ ಮನೆ ನಮ್ಮದು, ಈಗ ಐವರೂ ಇರಲಿಲ್ಲ. "ಇದು ನಮ್ಮ ಮನೆಯೊಳಗೆ..." ಎಂದು ಆಂತೆರೆಯಾ ಶುರು ಮಾಡಿ, ನಿಲ್ಲಿಸಿ, ಮನೆಯ ಮಾತು ಬಿಟ್ಟು ಊರಿನ ಪಂಗಡಗಳ ಜಗಳದ ಮೇಲೆ ಏನೇನೋ ಹೇಳಿ ಬೇಗ ಮುಗಿಸಿದ.

ಆಮೇಲೆ ವಾಡಿಕೆಯಂತೆ, "ಯಾರಿಗಾದ್ರೂ ವಾಚನದ ಬಗ್ಗೆ ಏನಾದ್ರೂ ಹೇಳೋದಿದ್ಯಾ?" ಎಂದು ಕೇಳಿದ. ಯಾರಾದರೊಬ್ಬ ಮುದುಕ ಎದ್ದು ಎರಡು ಮಾತಾಡಿ ಕೂರುವುದು ಪದ್ಧತಿ. ಅಂದು ರೂತಾ ಎದ್ದಳು. ನೇರ ಮುಂದೆ ಹೋಗಿ ಅಪ್ಪನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ಬೌರೊ ಕೂತ ಹಾಗೆಯೇ, ತಲೆ ಬಗ್ಗಿಸಿ.

"ಅಪ್ಪಾ, ನಾನು ಒಂದು ಕೇಳೋಕೆ ಬಂದಿದ್ದೀನಿ."

ಹಿಂದೆ ಕೂತವರು ಮೊಣಕಾಲೂರಿ ಎದ್ದು ನೋಡಿದರು.

"ಕೇಳಿದ್ರೆ ಕೊಡಲ್ಲ ಅನ್ನೋ ಅಂಥದ್ದು ನಿನ್ನ ಹತ್ರ ಒಂದೂ ಇಲ್ಲ ಅಂದಿದ್ದೆ. ನನಗೆ ನನ್ನ ಮಗು ಕೊಡು."

ತೆರೆಸಿಯಾ ಗಟ್ಟಿಯಾಗಿ ಅತ್ತುಬಿಟ್ಟಳು. ಆಂತೆರೆಯಾ ಕೈಯಲ್ಲಿದ್ದ ಪುಸ್ತಕವನ್ನು ಪಕ್ಕಕ್ಕಿಟ್ಟ.

"ಅವಳು ಈಗ ನನ್ನ ಕೈಲಿಲ್ಲ ಮಗಳೇ," ಅಂದ.

"ಅವತ್ತು ಇದ್ಲಾ?"

ಮುದುಕರು ಯಾರೂ ತಲೆ ಎತ್ತಲಿಲ್ಲ. ರೂತಾ ಏಳಲಿಲ್ಲ, ಅಲ್ಲೇ ಕೂತಿದ್ದಳು. ಕೇಳಿದವಳಿಗೆ ಉತ್ತರ ಸಿಗುವವರೆಗೆ ಕೂರುವ ಹಕ್ಕಿದೆ. ಕಡೆಗೆ ಅವನು ಮೆಲ್ಲಗೆ, "ಹೋಗಿ ಕೇಳ್ಕೊಂಡು ಬರ್ತೀನಿ," ಅಂದ.

ಕೊಟ್ಟ ಮಗುವನ್ನು ವಾಪಸು ಕೇಳುವುದು ನಮ್ಮಲ್ಲಿಲ್ಲ. ಕೇಳಿದರೆ ಇಡೀ ಮನೆತನಕ್ಕೆ ಮಸಿ. ಆದರೆ ಒಂದು ಮಾತು. ಎದುರಿಗೆ ಕೂತು ಕೇಳಿಬಿಟ್ಟರೆ ಬೌರೊ ಕೂಡ ಇಲ್ಲ ಅನ್ನುವ ಹಾಗಿಲ್ಲ. ಅವನಿಗೂ ಅದೇ ಕಟ್ಟು. ಆಂತೆರೆಯಾ ನಾಚಿಕೆ ಬಿಟ್ಟು ಒಂದು ಸಲ ಬಾಯಿ ತೆರೆದರೆ ಸಾಕಿತ್ತು.

ಮುಂದಿನ ಹಡಗಿಗೆ ಅವನು ಹೊರಟ. ಒಣಮೀನು, ನೀರಾ ಕಾಯಿಸಿದ ಪಾಕದ ಬಾಟಲಿ, ಗುಂಡಿಯ ಅತಿ ದೊಡ್ಡ ಗೆಡ್ಡೆ, ಎಲ್ಲ ಕಟ್ಟಿದೆವು. ಗೆಡ್ಡೆಯನ್ನು ರೂತಾಳೇ ಅಗೆದು ತಂದಳು. ದೋಣಿ ಹತ್ತುವಾಗ ಅಪ್ಪನಿಗೆ, "ಟೋಪಿ ಹಾಕ್ಕೋ, ಬಿಸಿಲಿದೆ," ಅಂದಳು. ಎಷ್ಟೋ ದಿನದ ಮೇಲೆ ಅವನಿಗೆ ಆಡಿದ ಮಾತು. ಆಂತೆರೆಯಾ ಟೋಪಿ ಹಾಕಿಕೊಂಡು ಮಗುವಿನ ಹಾಗೆ ಕಣ್ಣೊರೆಸಿಕೊಂಡ.

ಅವನಿಲ್ಲದ ವಾರಗಳಲ್ಲಿ ನಮ್ಮ ಮನೆಗೆ ಜೀವ ಬಂತು. ರೂತಾ ನಾವು ಮಲಗುವ ಅಟ್ಟಣೆಯ ಸೋರುವ ಮೂಲೆಗೆ ಹೊಸ ಓಲೆ ಹೊದಿಸಿದಳು. ತಾಯಿ ಮಗಳು ಕೂತು ಸಣ್ಣದೊಂದು ಚಾಪೆ ಹೆಣೆದರು. "ಅಷ್ಟು ಉದ್ದ ಯಾಕೇ?" ಅಂದರೆ "ಬೆಳೆದಿರ್ತಾಳೆ ಅಮ್ಮಾ" ಅಂದಳು ರೂತಾ. ಒಂದು ದಿನ ಹಂದಿಗಳಿಗೆ ಕಾಯಿ ಸುರಿಯುತ್ತ, "ಇರ್ರೋ, ನಿಮ್ಮ ಉಪದೇಶಿ ಬರ್ತಾಳೆ," ಅಂದದ್ದು ಕೇಳಿ ನಾನು ಮುಖ ತಿರುಗಿಸಿಕೊಂಡು ಅತ್ತೆ. ಸುಖಕ್ಕೇ ಅತ್ತದ್ದು.

ಹಡಗು ಕಂಡ ಕೂಡಲೇ ಮೂವರೂ ದಂಡೆಗೆ ಓಡಿದೆವು. ದೋಣಿಯಲ್ಲಿ ತುಂಬ ಜನ ಇದ್ದರು. ಟೋಪಿ ಕಂಡಿತು. ಅವನ ಪಕ್ಕದಲ್ಲಿ ಬಿಳಿಯದೇನೋ ಕಂಡಿತು. "ಅವಳೇ! ಬಿಳಿ ಫ್ರಾಕು!" ಎಂದು ತೆರೆಸಿಯಾ ನನ್ನ ತೋಳು ಹಿಡಿದಳು. ರೂತಾ ಸೊಂಟದ ನೀರಿಗೆ ಇಳಿದಳು. ದೋಣಿ ಹತ್ತಿರ ಬಂತು. ಬಿಳಿಯದ್ದು ಅಕ್ಕಿಮೂಟೆ.

ಆಂತೆರೆಯಾ ಮೂಟೆಯನ್ನು ಭುಜಕ್ಕೇರಿಸಿಕೊಂಡು ನೀರಿಗಿಳಿದ. ಇನ್ನೊಂದು ಕೈಯಲ್ಲಿ ಡಬ್ಬಿ ಮಾಂಸದ ಚೀಲ. ರೂತಾ ಅವನೆದುರು ನಿಂತಿದ್ದಳು.

"ಕೊಡಲ್ಲ ಅಂದ್ರಾ?"

ಅವನು ತಲೆ ಅಲ್ಲಾಡಿಸಿದ.

"ಮತ್ತೆ?"

"ಕೇಳ್ಲಿಲ್ಲ."

"ಏನು?"

"ನನ್ನಿಂದ ಕೇಳೋಕಾಗ್ಲಿಲ್ಲ ಮಗಳೇ. ದಿನಾ ಇವತ್ತು ಕೇಳ್ತೀನಿ, ಇವತ್ತು ಕೇಳ್ತೀನಿ ಅಂತ ಅವರ ಎದುರಿಗೆ ಕೂರ್ತಿದ್ದೆ. ಕತರೀನಾ ತಟ್ಟೆ ತಂದಿಡ್ತಿದ್ಲು, ಉಂಡು ಏಳ್ತಿದ್ದೆ. ಕೊನೇ ದಿನ ಬಾಯಿ ತೆರೆದೆ. ಅಷ್ಟರಲ್ಲಿ ಬಿಬಿ ಕುರ್ಚಿ ಮೇಲೆ ನಿಂತು ಕೈ ಹಿಂದೆ ಕಟ್ಕೊಂಡು, ಇದು ನಮ್ಮ ಮನೆಯೊಳಗೆ ಏನು ಹೇಳ್ತದೆ ನೋಡೋಣ, ಅಂದ್ಲು. ಅವರಿಬ್ರೂ ಎಷ್ಟು ನಕ್ಕರು ಗೊತ್ತಾ. ಮಗು ಕೆಳಗಿಳಿದು ಕತರೀನಾಳನ್ನ ಅಮ್ಮಾ ಅಂತು. ನನ್ನ ಬಾಯಿ ಕಟ್ಟಿಹೋಯ್ತು."

"ನನ್ನ ಕೇಳ್ಲಿಲ್ವಾ ಅವಳು?"

ಆಂತೆರೆಯಾ ಭುಜದ ಮೂಟೆಯನ್ನು ಸರಿಮಾಡಿಕೊಂಡ. ಒಂದು ಸುಳ್ಳು ಹೇಳೋ, ಪಾಪಿ, ಇದೊಂದು ಸಲ ಹೇಳೋ ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ.

"ಇಲ್ಲ," ಅಂದ.

ರೂತಾ ಅಪ್ಪನ ಭುಜದಿಂದ ಮೂಟೆ ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಳು. ಮನೆಗೆ ಬಂದು ಒಲೆ ಹೊತ್ತಿಸಿ, ಮೂಟೆ ಬಿಚ್ಚಿ, ಅಕ್ಕಿ ತೊಳೆದು ಇಟ್ಟಳು. ಹೊಸ ಚಾಪೆ ಅಟ್ಟಣೆಯ ಮೂಲೆಯಲ್ಲಿತ್ತು. ತೆರೆಸಿಯಾ ಅದನ್ನು ಸುರುಳಿ ಸುತ್ತಿ ಮಾಡಿಗೆ ಸಿಕ್ಕಿಸಿದಳು. ಅನ್ನ ಬೆಂದ ಮೇಲೆ ರೂತಾ ಡಬ್ಬಿ ಮಾಂಸ ಒಡೆದು ನಾಲ್ಕು ತಟ್ಟೆಗೂ ಸಮನಾಗಿ ಬಡಿಸಿದಳು. ಅಪ್ಪನ ತಟ್ಟೆಯನ್ನು ಮೊದಲು ಇಟ್ಟಳು.

ಆಂತೆರೆಯಾ ಊಟದ ಪ್ರಾರ್ಥನೆಗೆ ಕೈ ಜೋಡಿಸಿದ. ಶಿಲುಬೆ ಗುರುತು ಹಾಕಿದ. ನಾವು ಕಾದೆವು.

"ಹೇಳು ಅಪ್ಪಾ," ಅಂದಳು ರೂತಾ. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ಥ್ಯಾಂಕ್ಸ್ ಹೇಳು ದೇವರಿಗೆ. ಮಗು ಹೋಯ್ತು, ಅಕ್ಕಿ ಬಂತು."

ಯಾರೂ ಪ್ರಾರ್ಥನೆ ಹೇಳಲಿಲ್ಲ. ಅನ್ನ ಆರುತ್ತಿತ್ತು. ಬೆಳಿಗ್ಗೆಯಿಂದ ಹಡಗಿನ ದಾರಿ ನೋಡುತ್ತ ಒಬ್ಬರೂ ಏನೂ ತಿಂದಿರಲಿಲ್ಲ. ನಾವು ಉಂಡೆವು.